ಬಿಡದ ಸಂಧಿ

ಸಂಧಿ ಬಿಡಿಸುವುದು ನನ್ನ ವೃತ್ತಿ. ಆದರೆ ಅಲ್ಯೂಮಿನಿಯಂ ಕೊಳವೆಗಳ ಸಂಧಿ ಬಿಡಿಸುವ ಯೋಗ ಒದಗಿದ್ದು ನಲವತ್ತು ದಾಟಿದ ಮೇಲೆ. ಉಡುಪಿಯಲ್ಲಿ ನಮ್ಮ ನೆರೆಯ ರಾಯರು ಹ್ಯಾಮ್, ಎಂದರೆ ಹವ್ಯಾಸಿ ರೇಡಿಯೊದವರು. ಅವರ ತಾರಸಿಯ ಯಾಗಿ ಆಂಟೆನಾ ಇಪ್ಪತ್ತು ವರ್ಷ ಮಲ್ಪೆಯ ಉಪ್ಪುಗಾಳಿ ಕುಡಿದಿತ್ತು. ಮನೆ ಮಾರಾಟವಾಗಿ ರಾಯರು ಮಗಳ ಫ್ಲಾಟಿಗೆ ಹೊರಟಿದ್ದರು. ಆಗಷ್ಟೇ ಪರವಾನಗಿ ಪಡೆದ ನಮ್ಮ ಕಾಲೇಜಿನ ಹುಡುಗಿಯೊಬ್ಬಳಿಗೆ ಆಂಟೆನಾ ಕೊಡುವುದಾಗಿ ಮಾತು ಕೊಟ್ಟಿದ್ದರು. 20 ಮೀಟರ್ ತರಂಗಕ್ಕೆ ಅದರ ಅರ್ಧ, ಸುಮಾರು 10 ಮೀಟರ್ ಉದ್ದದ ಕಡ್ಡಿ ಬೇಕು. ಒಂದರೊಳಗೊಂದು ಹೊಕ್ಕ ಕೊಳವೆಗಳು ಬಿಡಿಯಾದರೆ ಟೆಂಪೊ ಏರುತ್ತವೆ. ಇಲ್ಲವಾದರೆ ಗುಜರಿಯೇ ಗತಿ.

"ಗರಗಸ ತರಲೇ?" ಎಂದೆ.

"ಹಳಗನ್ನಡದ ಪದ ತಿಳಿಯದಿದ್ದರೆ ಪುಟ ಹರಿಯುತ್ತೀರಾ, ಮಾಷ್ಟ್ರೇ?" ಎಂದರು ರಾಯರು.

ಇದು ನಮ್ಮ ಆಗಮಸಂಧಿಯೇ; ಎರಡರ ನಡುವೆ ಮೂರನೆಯದೊಂದು ಬಂದು ಕುಳಿತಿದೆ. ಅಲ್ಯೂಮಿನಿಯಮ್ಮಿನ ಕಿಟ್ಟ ಕಬ್ಬಿಣದ ತುಕ್ಕಿನಂತೆ ಉದುರುವುದಿಲ್ಲ, ಲೋಹವನ್ನು ಅಪ್ಪಿಕೊಂಡು ಕಾಯುತ್ತದೆ. ಆದರೆ ಸವೆದ ಲೋಹಕ್ಕಿಂತ ಅದಕ್ಕೆ ಹೆಚ್ಚು ಜಾಗ ಬೇಕು. ಇಕ್ಕಟ್ಟಿನಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಕಾಯುವುದೇ ಕಚ್ಚಿ ಹಿಡಿಯುತ್ತದೆ.

ಮೊದಲು ಟೇಪಿನಡಿ ಅಡಗಿದ್ದ ಸ್ಕ್ರೂಗಳೆಲ್ಲ ಹೊರಬಂದವು. ಅಂಚಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಕಾದೆವು. ಪೈಪ್ ರೆಂಚಿಗೆ ರಾಯರು ಒಪ್ಪಲಿಲ್ಲ. ತೆಳು ಕೊಳವೆ ಒಮ್ಮೆ ಮೊಟ್ಟೆಯಾಕಾರವಾದರೆ ಮತ್ತೆ ಜಾರದು. ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಹಿಡಿದೆವು. ಎಳೆಯಬಾರದು, ತಿರುಚಬೇಕು; ನಡುನಡುವೆ ಮರದ ಕೊಡತಿಯಿಂದ ಹಗುರಾಗಿ ತಟ್ಟಬೇಕು.

ಅದಕ್ಕೂ ಜಗ್ಗದಿದ್ದಾಗ ಕುದಿಯುವ ನೀರು ಬಂತು. ಎಣ್ಣೆ ಹಚ್ಚಿದಲ್ಲಿ ಬೆಂಕಿ ಕೂಡದಷ್ಟೆ. ಒಳಕೊಳವೆಗೆ ಐಸು ಸುತ್ತಿದ ಬಟ್ಟೆ, ಹೊರಗಿನದಕ್ಕೆ ಬಿಸಿನೀರು. 25 ಮಿ.ಮೀ. ಕೊಳವೆಯನ್ನು ನೂರು ಡಿಗ್ರಿ ಹೆಚ್ಚು ಕಾಯಿಸಿದರೂ ಅದು ಹಿಗ್ಗುವುದು 0.06 ಮಿ.ಮೀ.ಗಿಂತ ಕಡಿಮೆ, ನಮಗೆ ದಕ್ಕಿದ್ದು ಅದರ ಅರ್ಧವಿದ್ದೀತು. ಬಿಸಿ ಒಳಗಿಳಿಯುವ ಮೊದಲು ಇಬ್ಬರೂ ತಿರುಚಿದೆವು. ಕಿರ್ರೆಂದಿತು. ಬಿಳಿಯ ಪುಡಿ ಉದುರಿತು.

ಆ ಪುಡಿಯನ್ನು ಉಜ್ಜಿ ತೆಗೆಯಲೇಬೇಕಂತೆ. ಅದು ವಿದ್ಯುತ್ತನ್ನೂ ಹಾಯಗೊಡದು. ಮತ್ತೆ ಜೋಡಿಸುವಾಗ ಹಚ್ಚಲೆಂದು ಸತುವಿನ ಪುಡಿ ಬೆರೆಸಿದ ಲೇಪದ ಡಬ್ಬಿಯನ್ನು ರಾಯರು ಹುಡುಗಿಯ ಕೈಗಿತ್ತರು.

ಹನ್ನೆರಡು ಸಂಧಿಗಳಲ್ಲಿ ಹನ್ನೊಂದು ಬಿಟ್ಟವು. ಟೆಂಪೊದವನು ಹಾರ್ನ್ ಒತ್ತತೊಡಗಿದಾಗ ರಾಯರು ನನ್ನತ್ತ ನೋಡದೆ, "ಗರಗಸ ಎಲ್ಲಿ ಅಂದಿರಿ?" ಎಂದರು.