ಚಿಕಿತ್ಸೆ ಉಚಿತ, ದಾರಿಖರ್ಚು ಯಾರದು?

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ ಸಾಕು, ಮದುವೆಗೆ ಹೊರಟವರು ಯಾರು, ದವಾಖಾನೆಗೆ ಹೊರಟವರು ಯಾರು ಎಂಬುದು ತಿಳಿದುಬಿಡುತ್ತದೆ. ದವಾಖಾನೆಯವರ ಕೈಯಲ್ಲಿ ಎಕ್ಸ್‌ರೇ ಕವರ್, ನೀರಿನ ಬಾಟಲಿ, ರೊಟ್ಟಿಯ ಗಂಟು ಇರುತ್ತವೆ. ಬೀದರ್ ಜಿಲ್ಲೆಯ ನಮ್ಮ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಜನ ದೊಡ್ಡ ರೋಗ ಬಂದರೆ ಹಲವು ದಿಕ್ಕಿಗೆ ಓಡಬೇಕು. ಪೂರ್ವಕ್ಕೆ ಹೈದರಾಬಾದ್, ಪಶ್ಚಿಮಕ್ಕೆ ಸೊಲ್ಲಾಪುರ, ದಕ್ಷಿಣಕ್ಕೆ ಕಲಬುರಗಿ. ರಾಜಧಾನಿ ಬೆಂಗಳೂರು 600 ಕಿ.ಮೀ.ಗೂ ಆಚೆ. 1956ರ ನವೆಂಬರ್ 1ಕ್ಕೆ ಮೊದಲು ನಮಗೆ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯ ಬದಲಾಯಿತು, ಆದರೆ ರೋಗಿಗಳ ದಾರಿ ಬದಲಾಗಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಆಗಾಗ ಗೈರುಹಾಜರಾಗತೊಡಗಿದ. ವಿಚಾರಿಸಿದಾಗ ಅವನ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಮನೆಯಲ್ಲಿ ಓದು ಬರಹ ಬಲ್ಲವನು ಅವನೊಬ್ಬನೇ. ಫಾರ್ಮ್ ತುಂಬಲು, ಬೋರ್ಡ್ ಓದಲು, ಸಾಲಿನಲ್ಲಿ ನಿಲ್ಲಲು ಅವನೇ ಜೊತೆಗೆ ಹೋಗಬೇಕು. ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆ ಉಚಿತವಲ್ಲವೇ ಎಂದು ಕೇಳಿದೆ.

"ಆಪರೇಷನ್ ಫ್ರೀ ಅದ ಸರ್, ಹೋಗಿ ಬರೋದು ಫ್ರೀ ಇಲ್ಲ" ಎಂದ.

ವಿಜ್ಞಾನದ ನೋಟುಪುಸ್ತಕದ ಕೊನೆಯ ಪುಟದಲ್ಲಿ ಅವನು ಲೆಕ್ಕ ಬರೆದಿಟ್ಟಿದ್ದ. ಬಸ್ಸು, ಆಟೋ, ಚಹಾ, ಊಟ, ರೂಮ್ ಬಾಡಿಗೆ, ಜೆರಾಕ್ಸ್. ಕೂಡಿಸುವುದರಲ್ಲಿ ಒಂದು ತಪ್ಪೂ ಇರಲಿಲ್ಲ. ಅಪ್ಪ ಕೆಲಸ ಬಿಟ್ಟು ಹೋದ ದಿನಗಳ ಕೂಲಿಯನ್ನು ಯಾಕೆ ಬರೆದಿಲ್ಲ ಎಂದು ಕೇಳಿದ್ದಕ್ಕೆ, "ಅದು ಬಂದೇ ಇಲ್ಲಲ್ರಿ ಸರ್, ಖರ್ಚು ಹ್ಯಾಂಗ ಆಗ್ತದ?" ಎಂದ. ಅರ್ಥಶಾಸ್ತ್ರ ಓದಿದವರು ಇದಕ್ಕೆ ದೊಡ್ಡ ಹೆಸರು ಹೇಳಬಹುದು. ಆ ಮನೆಯಲ್ಲಿ ಮಾತ್ರ ಅದು ಒಲೆ ಹೊತ್ತದ ದಿನ.

ದೂರದ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದನ್ನು ಪಾಲಕರು ಮೊದಲೇ ತಿಳಿದಿರಬೇಕು. ಕಿಮೋಥೆರಪಿಯನ್ನು ಸಾಮಾನ್ಯವಾಗಿ ಕೆಲವು ವಾರಗಳ ಅಂತರದಲ್ಲಿ ಹಲವು ಸುತ್ತು ಕೊಡುತ್ತಾರೆ. ರೇಡಿಯೇಷನ್ ಆದರೆ ಅನೇಕರಿಗೆ ವಾರಕ್ಕೆ ಐದು ದಿನದಂತೆ ಐದಾರು ವಾರ ಬೇಕಾಗುತ್ತದೆ. ಅಷ್ಟು ದಿನ ರೋಗಿ ಮತ್ತು ಜೊತೆಗಾರ ಇಬ್ಬರೂ ಪರಊರಿನಲ್ಲಿ ಇರಬೇಕು. ಎರಡು ಸುತ್ತು ಮುಗಿಸಿ, ಸ್ವಲ್ಪ ಚೇತರಿಕೆ ಕಂಡಿತೆಂದು ಮೂರನೆಯದಕ್ಕೆ ಹೋಗದೆ ಉಳಿಯುವವರಿದ್ದಾರೆ. ಔಷಧ ಬಿಟ್ಟರು ಎಂದು ನಾವು ಬೈಯುತ್ತೇವೆ. ಅವರು ಬಿಟ್ಟದ್ದು ಔಷಧವನ್ನಲ್ಲ, ಬಸ್ಸನ್ನು.

ಸರ್ಕಾರಕ್ಕೆ ಇದು ತಿಳಿಯದ ವಿಷಯವೇನಲ್ಲ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಆಸ್ಪತ್ರೆಗೆ ದಾಖಲಾದಾಗಲೆಲ್ಲ 100 ರೂಪಾಯಿ, ವರ್ಷಕ್ಕೆ 1,000 ರೂಪಾಯಿ ಮೀರದಂತೆ, ಪ್ರಯಾಣ ಭತ್ಯೆ ಇತ್ತು. ಇನ್ನೂ ದೊಡ್ಡ ಹೆಜ್ಜೆ ನಮ್ಮಲ್ಲೇ ಆರಂಭವಾಯಿತು. 2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಕಾಲಿಟ್ಟದ್ದು ಬೀದರ್ ಸೇರಿದ ಕಲಬುರಗಿ ವಿಭಾಗಕ್ಕೆ. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ರೋಗಗಳಂಥ ದೊಡ್ಡ ಕಾಯಿಲೆಗಳಿಗೆ ಬಡವರಿಗೆ ಉಚಿತ ಚಿಕಿತ್ಸೆ. ಅದರ ವಿಶೇಷವೆಂದರೆ, ಆಸ್ಪತ್ರೆಗಳೇ ಊರಕಡೆ ಬಂದು ಶಿಬಿರ ನಡೆಸಿ, ಚಿಕಿತ್ಸೆ ಬೇಕಾದವರನ್ನು ಬೆಂಗಳೂರಿನಂಥ ದೂರದ ಆಸ್ಪತ್ರೆಗೆ ಖರ್ಚಿಲ್ಲದೆ ಕರೆದೊಯ್ಯುತ್ತಿದ್ದವು.

ಇದರ ಫಲವೇನು ಎಂಬುದನ್ನು ಸಂಶೋಧಕರು ಪರೀಕ್ಷಿಸಿದರು. ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಪ್ರಯೋಗಾಲಯದಲ್ಲಿ ಎರಡು ಪ್ರನಾಳಗಳನ್ನು ಒಂದೇ ರೀತಿ ಇಟ್ಟು, ಒಂದಕ್ಕೆ ಮಾತ್ರ ರಾಸಾಯನಿಕ ಹಾಕಿ ಹೋಲಿಸುತ್ತೇವಲ್ಲ, ಹಾಗೆಯೇ ಯೋಜನೆ ಬಂದಿದ್ದ ಮತ್ತು ಇನ್ನೂ ಬಾರದಿದ್ದ ಪ್ರದೇಶಗಳ ಗಡಿಯಲ್ಲಿದ್ದ ಹಳ್ಳಿಗಳನ್ನು ಅವರು ಹೋಲಿಸಿದರು. ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಮರಣ ಪ್ರಮಾಣ ಯೋಜನೆ ಇದ್ದ ಕಡೆಯ ಬಡವರಲ್ಲಿ ಶೇ 0.32 ಇದ್ದರೆ, ಇಲ್ಲದ ಕಡೆ ಶೇ 0.90 ಇತ್ತು. ಈ ವರದಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ವ್ಯತ್ಯಾಸವೆಲ್ಲ ಉಚಿತ ಪ್ರಯಾಣದಿಂದಲೇ ಆಯಿತೆಂದು ನಾನು ಹೇಳಿದರೆ ಅದು ವಿಜ್ಞಾನಕ್ಕೆ ಮಾಡಿದ ಅಪಚಾರ. ಆದರೆ ಚಿಕಿತ್ಸೆ ಮನೆಯ ಹತ್ತಿರ ಬಂದು ಕೈಹಿಡಿದಾಗ ಜೀವ ಉಳಿಯುತ್ತದೆ ಎಂಬುದಂತೂ ನಿಜ.

2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಂದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ಸಣ್ಣ ಮಾತಲ್ಲ. ಆದರೆ ಈ ಹಣ ಆಸ್ಪತ್ರೆಗೆ ಸಂದಾಯವಾಗುತ್ತದೆಯೇ ಹೊರತು ರೋಗಿಯ ಕೈಗೆ ಬರುವುದಿಲ್ಲ. ಪ್ರಧಾನಮಂತ್ರಿಯವರ ರಾಷ್ಟ್ರೀಯ ಪರಿಹಾರ ನಿಧಿಯಿಂದ ಕ್ಯಾನ್ಸರ್, ಹೃದಯ ಶಸ್ತ್ರಚಿಕಿತ್ಸೆ ಮುಂತಾದವುಗಳಿಗೆ ಸಿಗುವ ನೆರವೂ ಹಾಗೆಯೇ. ಹೀಗಾಗಿ ದಾರಿಖರ್ಚನ್ನು ಬೇರೆಯಾಗಿಯೇ ಹೊಂದಿಸಿಕೊಳ್ಳಬೇಕು.

ಅದಕ್ಕೂ ಕೆಲವು ದಾರಿಗಳಿವೆ. ಊರು ಬಿಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಿರಿ. ತುರ್ತು ಸಂದರ್ಭ ಬಿಟ್ಟರೆ ಅದಿಲ್ಲದೆ ಹೋದವರು ಮತ್ತೆ ವಾಪಸು ಬರಬೇಕಾಗುತ್ತದೆ, ಒಂದು ಪ್ರಯಾಣ ದಂಡ. ಹೋಗುವ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದೂ ಕೇಳಿಕೊಳ್ಳಿ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರನಿಗೆ ಶೇ 75 ರಿಯಾಯಿತಿ ಇದೆ. ಹೃದಯ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ ಹೋಗುವವರಿಗೂ ಶೇ 75ರ ರಿಯಾಯಿತಿ ಉಂಟು. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತರೂ ರೋಗಿಗಳದು ಉಳಿದಿದೆ. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಕೊಟ್ಟ ಪ್ರಮಾಣಪತ್ರ ತೋರಿಸಿ ಕೌಂಟರಿನಲ್ಲಿ ಟಿಕೆಟ್ ಪಡೆಯಬೇಕು. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದಿನವರಿಗೂ ಇದು ಕೈಗೆಟಕುವ ಸೌಲಭ್ಯ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೆ ಅದು ರಾಜ್ಯದ ಒಳಗೆ ಮಾತ್ರ. ಹೈದರಾಬಾದಿಗೂ ಸೊಲ್ಲಾಪುರಕ್ಕೂ ಹೋಗುವ ಅಂತರರಾಜ್ಯ ಬಸ್ಸಿಗೆ ಟಿಕೆಟ್ ತೆಗೆಯಲೇಬೇಕು. ಗಡಿಭಾಗದ ನಮಗೆ ಇದೊಂದು ತೊಡಕು. ಆದ್ದರಿಂದ ಕಲಬುರಗಿಯಲ್ಲಿ ಏನೇನು ಸಾಧ್ಯ ಎಂದು ಮೊದಲು ವಿಚಾರಿಸಬೇಕು. ಅಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ, ಜಯದೇವ ಹೃದ್ರೋಗ ಆಸ್ಪತ್ರೆ ಇದೆ. "ಇದರಲ್ಲಿ ಯಾವ ಭಾಗವನ್ನು ನಮ್ಮ ಊರ ಹತ್ತಿರ ಮಾಡಿಸಬಹುದು?" ಎಂದು ದೂರದ ವೈದ್ಯರನ್ನೇ ಸಂಕೋಚವಿಲ್ಲದೆ ಕೇಳಿ. ಬೆಂಗಳೂರಿನ ಕಿದ್ವಾಯಿಗೇ ಹೋಗಬೇಕಾದರೆ ಅಲ್ಲಿ ಧರ್ಮಶಾಲೆ ಇದೆ. ಮುಂಬೈನ ಟಾಟಾ ಆಸ್ಪತ್ರೆಗೆ ಹೋಗುವವರಿಗೆ ದಾದರ್‌ನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ.

ಆ ಹುಡುಗನ ಮನೆಗೆ ನಾವು ಶಿಕ್ಷಕರು ಕೂಡಿ ಒಂದಿಷ್ಟು ಹಣ ಕೊಟ್ಟೆವು. ನಿಜವಾಗಿ ಕೆಲಸಕ್ಕೆ ಬಂದದ್ದು ಎರಡು ಸಂಗತಿ. ಮುಂದಿನ ಸುತ್ತುಗಳ ಔಷಧವನ್ನು ಕಲಬುರಗಿಯಲ್ಲೇ ಪಡೆಯಲು ವೈದ್ಯರು ಒಪ್ಪಿದರು. ಓಣಿಯ ಪದವೀಧರನೊಬ್ಬ ಹುಡುಗನ ಬದಲು ಜೊತೆಗೆ ಹೋಗತೊಡಗಿದ. ತಾಯಿ ಎಲ್ಲ ಸುತ್ತುಗಳನ್ನೂ ಮುಗಿಸಿದರು. ಅಷ್ಟರಲ್ಲಿ ಹುಡುಗನ ಹಾಜರಿ ಕಡಿಮೆಯಾಗಿ, ಅವನು ಎಸ್‌ಎಸ್‌ಎಲ್‌ಸಿ ಬರೆದದ್ದು ಮರುವರ್ಷ. ಒಂದು ವರ್ಷದ ಆ ಬೆಲೆಯನ್ನೂ ಯಾವ ಯೋಜನೆಯೂ ತುಂಬಿಕೊಡಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕ, ದಾಸೋಹ ಎಂದದ್ದು ಇದೇ ಕಲ್ಯಾಣದ ನೆಲದಲ್ಲಿ. ನಮ್ಮಲ್ಲಿ ಜಾತ್ರೆಗೆ ಬಂದವರಿಗೆ ಅನ್ನ ಹಾಕುವ ಕೈಗಳಿಗೆ ಕೊರತೆಯಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘಗಳು, ಊರಿನ ಯುವಕ ಮಂಡಳಗಳು ವರ್ಷಕ್ಕೆ ಹತ್ತು ರೋಗಿಗಳ ಬಸ್ಸು, ರೂಮಿನ ಖರ್ಚನ್ನು ವಹಿಸಿಕೊಂಡರೂ ಅದು ದಾಸೋಹವೇ. ಹಣ ಕೊಡಲಾಗದ ವಿದ್ಯಾರ್ಥಿಗಳು ಕಾಯಕ ಮಾಡಬಹುದು. ರಜೆಯಲ್ಲಿ ನೆರೆಮನೆಯ ರೋಗಿಯ ಕಾಗದಪತ್ರಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಫೈಲ್ ಮಾಡಿಕೊಡಿ, ರೇಷನ್ ಕಾರ್ಡು, ಆಧಾರ್, ಶಿಫಾರಸು ಪತ್ರಗಳ ಎರಡೆರಡು ಪ್ರತಿ ಅದರಲ್ಲಿ ಇಡಿ, ರೈಲ್ವೆ ರಿಯಾಯಿತಿಯ ವಿಷಯ ತಿಳಿಸಿ ಹೇಳಿ. ಪಾಲಕರೇ, ಮಗ ಅದಕ್ಕಾಗಿ ಒಂದು ಸಂಜೆ ಓದು ಬಿಟ್ಟರೆ ತಡೆಯಬೇಡಿ. ಅದರಿಂದ ನೆರೆಮನೆಯ ಹುಡುಗನ ಒಂದು ವರ್ಷ ಉಳಿದೀತು.