ಕಿಸೆಯಲ್ಲೊಂದು ಚಾಕು

ನಮ್ಮ ಹಿರಿಯರ ಕಾಲದಲ್ಲಿ ಮನೆಯ ಯಜಮಾನರ ಕಿಸೆಯಲ್ಲಿ ಮಡಿಚುವ ಚಾಕು ಇರುವುದು ಯಾರ ಗಮನಕ್ಕೂ ಬಾರದ ಸಂಗತಿಯಾಗಿದ್ದಿತು. ಎಲೆ ಅಡಿಕೆಯ ಸಂಚಿಯಲ್ಲಿ ಅಡಕೊತ್ತು ಇರುವಂತೆ ಅಂಗಿಯ ಕಿಸೆಯಲ್ಲಿ ಚಾಕು. ಗೋಣಿಚೀಲದ ಹೊಲಿಗೆ ಬಿಚ್ಚಲು, ಬಾಳೆಲೆ ಕೊಯ್ಯಲು, ಕೊರಳಿಗೆ ಬಿಗಿದ ದನದ ಹಗ್ಗವನ್ನು ಅವಸರದಲ್ಲಿ ಕತ್ತರಿಸಲು, ಪೇರಲ ಹಣ್ಣನ್ನು ಹೋಳು ಮಾಡಿ ಮಕ್ಕಳ ಕೈಗಿಡಲು ಅದು ಒದಗುತ್ತಿದ್ದಿತು. ಇಂದು ಅದೇ ವಸ್ತುವನ್ನು ನಾಲ್ಕು ಜನರ ನಡುವೆ ಹೊರತೆಗೆದರೆ ಪಕ್ಕದವರು ತುಸು ಸರಿದು ಕೂರುತ್ತಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳು ತಲೆಮಾರುಗಳಿಂದ ಮಾಡುತ್ತ ಬಂದ ಉದ್ದಲಗಿನ ಚಾಕು ಹಿಂದಿ ಚಲನಚಿತ್ರಗಳ ಖಳನಾಯಕರ ಕೈ ಸೇರಿದ ಮೇಲೆ, ಮಡಿಚುವ ಚಾಕು ಎಂದೊಡನೆ ಜನರಿಗೆ ಕಾಣುವುದು ಆ ಚಿತ್ರವೇ. ಹಣ್ಣು ಕೊಯ್ಯುವ ಚಾಕುವೂ ಆ ಅಪಕೀರ್ತಿಯಲ್ಲಿ ಪಾಲು ಪಡೆಯಬೇಕಾಯಿತು.

ಆದರೆ ಈ ಪುಟ್ಟ ಉಪಕರಣಕ್ಕೂ ನಮ್ಮ ನುಡಿಗೂ ಒಂದು ಹಳೆಯ ನಂಟುಂಟು. ಇಂಗ್ಲಿಷಿನಲ್ಲಿ ಕಿಸೆಯ ಚಾಕುವನ್ನು ಪೆನ್‌ನೈಫ್ ಎನ್ನುತ್ತಾರೆ. ಹಕ್ಕಿಯ ಗರಿಯನ್ನು ಲೇಖನಿಯಾಗಿ ಕೆತ್ತಲು ಬಳಸುತ್ತಿದ್ದುದರಿಂದ ಅದಕ್ಕೆ ಆ ಹೆಸರು. 1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಎಂಬವರು ಭಾರತದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳುಹಿಸಿದರು. ಮರುವರ್ಷ, ಅಂದರೆ 1795ರಲ್ಲಿ, ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸರು ಅದರ ಗುಣಗಳನ್ನು ಕುರಿತು ಪ್ರಬಂಧ ಮಂಡಿಸಿದರು. ಅದರಲ್ಲಿ ಆ ಉಕ್ಕಿನ ಹೆಸರು ‘ವೂಟ್ಸ್’ ಎಂದಿದೆ. ಅದು ಕನ್ನಡದ ‘ಉಕ್ಕು’ ಎಂಬ ಪದದ ಅಪಭ್ರಂಶವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕರು ಆ ಗಟ್ಟಿಯಿಂದ ಬಡಿದು ಮಾಡಿದ್ದು ಖಡ್ಗವನ್ನಲ್ಲ, ಒಂದು ಪೆನ್‌ನೈಫನ್ನು. ಖಡ್ಗಗಳ ವೈಭವವನ್ನು ವರ್ಣಿಸುವ ನಮ್ಮವರು ಈ ಸಂಗತಿಯನ್ನೇಕೋ ಹೇಳುವುದಿಲ್ಲ.

ಪೀಠಿಕೆ ಇಷ್ಟು ಸಾಕು. ಈ ವಿಷಯದ ಬಗ್ಗೆ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಇತಿಹಾಸವಲ್ಲ, ನಮ್ಮ ಅಣ್ಣನವರ ಬಲಗೈಯ ತೋರುಬೆರಳು. ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಅವರು ಇಂದಿಗೂ ಹೊಲ ನೋಡಿಕೊಳ್ಳುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ಮೂರು ವರ್ಷಗಳ ಹಿಂದೆ ಜಾತ್ರೆಯ ಅಂಗಡಿಯೊಂದರಲ್ಲಿ ನೂರಿಪ್ಪತ್ತು ರೂಪಾಯಿಗೆ ಹೊಳೆಯುವ ಹಿಡಿಯ ಚಾಕು ಕೊಂಡರು. ಹನಿ ನೀರಾವರಿಯ ಕೊಳವೆಗೆ ತೂತು ಮಾಡಲು ಅದರ ತುದಿಯನ್ನು ಒತ್ತಿದಾಗ ತುದಿ ಕೊಳವೆಯಲ್ಲಿ ಸಿಕ್ಕಿಕೊಂಡಿತು, ಅಲಗು ಹಿಂದಕ್ಕೆ ಮಡಿಚಿ ಬೆರಳಿನ ಮೇಲೆ ಬಿದ್ದಿತು. ಏಳು ಹೊಲಿಗೆ ಬಿದ್ದವು, ಧನುರ್ವಾಯುವಿನ ಚುಚ್ಚುಮದ್ದಾಯಿತು. ಗಾಯ ಮಾಗಿತು, ಆದರೆ ಒಳಗೆ ಸ್ನಾಯುರಜ್ಜು ಕಡಿದಿದ್ದುದರಿಂದ ಆ ಬೆರಳು ಇಂದಿಗೂ ಪೂರ್ಣವಾಗಿ ಬಾಗುವುದಿಲ್ಲ. ಸಹಿ ಮಾಡುವಾಗ ಲೇಖನಿಯನ್ನು ಹೆಬ್ಬೆರಳು ಮತ್ತು ನಡುಬೆರಳುಗಳ ನಡುವೆ ಹಿಡಿಯುತ್ತಾರೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲವೆಂದು ಎರಡು ಬಾರಿ ಅಲೆದಾಡಿದ್ದೂ ಉಂಟು.

ಆದುದರಿಂದ ಚಾಕು ಕೊಳ್ಳುವವರು ಮೊದಲು ನೋಡಬೇಕಾದುದು ಅಲಗಿನ ಹೊಳಪನ್ನಲ್ಲ, ತೆರೆದ ಅಲಗು ತೆರೆದಂತೆಯೇ ನಿಲ್ಲುವುದೋ ಇಲ್ಲವೋ ಎಂಬುದನ್ನು. ಮಡಿಚುವ ಚಾಕುಗಳಲ್ಲಿ ಎರಡು ಬಗೆ. ಒಂದರಲ್ಲಿ ಹಿಡಿಯ ಬೆನ್ನಿನ ಸ್ಪ್ರಿಂಗ್ ಪಟ್ಟಿಯು ಅಲಗನ್ನು ಒತ್ತಿ ಹಿಡಿದಿರುತ್ತದೆಯೇ ಹೊರತು ಬಂಧಿಸಿರುವುದಿಲ್ಲ. ಬೆನ್ನಿನ ಕಡೆಯಿಂದ ಒತ್ತಡ ಬಿದ್ದರೆ ಮಡಿಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಅಲಗು ಮರಳದಂತೆ ತಡೆಯುವ ಉಂಗುರವೋ ಕೊಂಡಿಯೋ ಇರುತ್ತದೆ. ಹಣ್ಣು ಹೆಚ್ಚಲು, ದಾರ ಕತ್ತರಿಸಲು ಮೊದಲ ಬಗೆಯೇ ಸಾಕು. ಎಳೆದು ಕೊಯ್ಯುವ ಕೆಲಸದಲ್ಲಿ ಅಲಗು ತೆರೆಯುವ ದಿಕ್ಕಿಗೇ ಬಲ ಬೀಳುತ್ತದೆ. ಚುಚ್ಚುವ, ತಿವಿಯುವ, ಮೀಟುವ ಕೆಲಸಕ್ಕೆ ಅದನ್ನು ಎಂದಿಗೂ ಬಳಸಲಾಗದು. ಹೊಲಮನೆಯ ಕೆಲಸವಿರುವವರು ಎರಡನೆಯ ಬಗೆಯನ್ನೇ ಆರಿಸುವುದು ಲೇಸು. ಆದರೂ ಅದನ್ನು ಮೀಟುಗೋಲಾಗಿ ಬಳಸಬಾರದು.

ಅಂಗಡಿಯಲ್ಲಿಯೇ ಪರೀಕ್ಷಿಸುವುದು ಕಷ್ಟವಲ್ಲ. ಅಲಗನ್ನು ತೆರೆದು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸಿ ನೋಡಬೇಕು. ಲೊಡಲೊಡ ಎಂದರೆ ಕೆಳಗಿಡುವುದು. ಮಡಿಚಿದಾಗ ಅಲಗು ಹಿಡಿಯ ನಡುವೆ ನೇರವಾಗಿ ಕೂರಬೇಕು, ಅದರ ಮೊನೆ ಎಲ್ಲಿಯೂ ಹೊರಗೆ ಇಣುಕಬಾರದು. ಇಣುಕಿದರೆ ಮೊದಲು ಅಂಗಿ ಹರಿಯುತ್ತದೆ, ಬಳಿಕ ಕೈ. ಹಿಡಿಯ ಮೊಳೆಗಳ ಮೇಲೆ ಬೆರಳಾಡಿಸಿದರೆ ಚುಚ್ಚಬಾರದು. ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು: ಚಾಕುವನ್ನು ಬಳಸುವವರೇ ತಮ್ಮ ಉಗುರಿನಿಂದ ಅದನ್ನು ತೆರೆದು ನೋಡಬೇಕು. ಯುವಕನ ಕೈಗೆ ಹಿತವಾದ ಬಿಗುವು ಸಂಧಿವಾತದ ಕೈಗೆ ಶಿಕ್ಷೆಯಾಗುತ್ತದೆ. ಬಿಗಿಯಾದ ಅಲಗನ್ನು ಹಲ್ಲಿನಿಂದ ಕಚ್ಚಿ ತೆರೆಯುವ ವೃದ್ಧರನ್ನು ನಾವು ಕಂಡಿದ್ದೇವೆ.

ಅಲಗಿನ ಉದ್ದದ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತವಾದುದು. ದಿನನಿತ್ಯದ ಬಳಕೆಗೆ ಆರೇಳು ಸೆಂಟಿಮೀಟರ್ ಸಾಕು, ಹೊಲಕ್ಕಾದರೆ ಒಂದೆರಡು ಸೆಂಟಿಮೀಟರ್ ಹೆಚ್ಚಿರಲಿ. ಅದಕ್ಕಿಂತ ಉದ್ದನೆಯದನ್ನು ಕಿಸೆಯಲ್ಲಿಟ್ಟು ತಿರುಗುವವರಿಗೆ ಕೆಲಸಕ್ಕಿಂತ ತೋರಿಕೆ ಮುಖ್ಯವೆನ್ನಬೇಕಾಗುತ್ತದೆ. ಗುಂಡಿ ಒತ್ತಿದೊಡನೆ ಚಿಮ್ಮಿ ತೆರೆಯುವ ಚಾಕುವಂತೂ ಸಂಸಾರಸ್ಥರ ಮನೆಗೆ ಬೇಡ.

ಇನ್ನು ಲೋಹ. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಸಾಣೆಗೆ ಸುಲಭವಾಗಿ ಒಗ್ಗುತ್ತದೆ. ಆದರೆ ನಿಂಬೆ, ಮಾವಿನಕಾಯಿ ಕೊಯ್ದರೆ ಕಪ್ಪಾಗುತ್ತದೆ, ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನೂರಕ್ಕೆ ಹತ್ತೂವರೆ ಭಾಗಕ್ಕಾದರೂ ಕಡಿಮೆಯಿಲ್ಲದಂತೆ ಕ್ರೋಮಿಯಂ ಬೆರೆತಿರುವುದರಿಂದ ತುಕ್ಕಿನ ಭಯ ಕಡಿಮೆ. ಮಲೆನಾಡಿನವರೂ ಕರಾವಳಿಯವರೂ ಇದನ್ನೇ ಕೊಳ್ಳುವುದು ಒಳಿತು. ಬಯಲುಸೀಮೆಯಲ್ಲಿ, ಬಳಸಿದ ಮೇಲೆ ಒರೆಸಿಡುವ ಅಭ್ಯಾಸವಿರುವವರಿಗೆ ಇಂಗಾಲದ ಉಕ್ಕು ಕಡಿಮೆ ಹಣಕ್ಕೆ ಹೆಚ್ಚು ಕೆಲಸ ಕೊಡುತ್ತದೆ.

ಅಗ್ಗವೂ ನಂಬಿಗಸ್ತವೂ ಆದ ಚಾಕು ಎಂದರೆ ನಮಗೆ ಮೊದಲು ನೆನಪಾಗುವುದು ಫ್ರಾನ್ಸಿನ ಸವಾಯ್ ಪ್ರಾಂತದ ಒಪಿನೆಲ್. 1890ರಲ್ಲಿ ಜೋಸೆಫ್ ಒಪಿನೆಲ್ ಎಂಬ ತರುಣ ತನ್ನ ಸುತ್ತಲಿನ ರೈತರಿಗಾಗಿ ಮಾಡಿದ ಚಾಕು ಅದು. ಮರದ ಹಿಡಿ, ಒಂದೇ ಅಲಗು, ಮತ್ತೇನೂ ಇಲ್ಲ. 1955ರಲ್ಲಿ ಅಲಗಿನ ಬುಡಕ್ಕೆ ತಿರುಗುವ ಉಂಗುರವನ್ನು ಸೇರಿಸಿದರು. ಅದನ್ನು ತಿರುಗಿಸಿದರೆ ಅಲಗು ಮಡಿಚದು. ಸಂಖ್ಯೆಗಳಿಂದ ಗುರುತಿಸುವ ಅದರ ಅಳತೆಗಳಲ್ಲಿ ಎಂಟನೆಯದರ ಅಲಗು ಎಂಟೂವರೆ ಸೆಂಟಿಮೀಟರ್, ಆರನೆಯದರದು ಏಳು. ಮರದ ಹಿಡಿಯಾದುದರಿಂದ ಮಳೆಗಾಲದ ತೇವಕ್ಕೆ ಉಬ್ಬಿ ಅಲಗು ಬಿಗಿಯಾಗುವುದುಂಟು. ಆಗ ಹಿಡಿಯ ಹಿಂತುದಿಯನ್ನು ಹಲಗೆಗೆ ಕುಟ್ಟಿದರೆ ಅಲಗು ತಾನೇ ಹೊರಬರುತ್ತದೆ. ಸವಾಯ್ ಪ್ರಾಂತದ ರೈತರು ಕಂಡುಕೊಂಡ ಉಪಾಯವಿದು. ಸ್ವಿಟ್ಜರ್ಲೆಂಡಿನ ಕೆಂಪು ಚಾಕು ಎಲ್ಲರಿಗೂ ಗೊತ್ತು. ಕಾರ್ಲ್ ಎಲ್ಸೆನರ್ 1884ರಲ್ಲಿ ಆರಂಭಿಸಿದ ಕಾರ್ಯಾಗಾರದಿಂದ 1891ರಲ್ಲಿ ಸೈನಿಕರಿಗೆ ಚಾಕು ಪೂರೈಕೆಯಾಯಿತು. ಅದರಲ್ಲಿ ಕತ್ತರಿ, ಅರ, ತಿರುಪು ಬಿಚ್ಚುವ ಸಾಧನ ಎಲ್ಲವೂ ಅಡಕವಾಗಿರುವ ಮಾದರಿಗಳಿವೆ. ಹದಿನೈದು ಸಾಧನಗಳಿಗೆ ಹಣ ಕೊಟ್ಟು ಎರಡನ್ನು ಬಳಸುವುದಕ್ಕಿಂತ ಎರಡೇ ಇರುವುದನ್ನು ಕೊಳ್ಳುವುದು ಮೇಲು. ಬಸ್ ನಿಲ್ದಾಣಗಳಲ್ಲಿ ಕೆಂಪು ಹಿಡಿ, ಬಿಳಿ ಶಿಲುಬೆಯ ನಕಲುಗಳು ಹೇರಳವಾಗಿ ದೊರೆಯುತ್ತವೆಯಾದ್ದರಿಂದ ಗುರುತನ್ನು ನೋಡಿ ಮರುಳಾಗದೆ ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಬೇಕು.

ವಿದೇಶದ ವಸ್ತು ಸುಂಕ, ಸಾಗಣೆ ಸೇರಿ ಇಲ್ಲಿಗೆ ಬರುವಷ್ಟರಲ್ಲಿ ತುಟ್ಟಿಯಾಗುತ್ತದೆ ಎಂಬ ಆಕ್ಷೇಪಣೆ ಸರಿಯೇ. ಹಾಗಿದ್ದರೆ ಊರಿನ ಕಂಬಾರರ ಕುಲುಮೆ ಇದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕುಡುಗೋಲು ಬಡಿಯುವ ಕೈ, ಬೆರಳುದ್ದದ ಅಲಗಿಗೆ ಮರದ ಹಿಡಿ ಹಾಕಿ ಮಡಿಚದ ಪುಟ್ಟ ಚಾಕುವನ್ನೂ ಮಾಡಿಕೊಡುತ್ತದೆ. ಅದಕ್ಕೆ ಚಮ್ಮಾರರಿಂದ ಒಂದು ಚರ್ಮದ ಒರೆ ಹೊಲಿಸಿದರಾಯಿತು. ಮಡಿಚದ ಚಾಕು ಬೆರಳ ಮೇಲೆ ಮಡಿಚಿ ಬೀಳುವ ಪ್ರಶ್ನೆಯೇ ಇಲ್ಲ. ಅಣ್ಣನವರಿಗೆ ನಾವು ಇದನ್ನೇ ಮೊದಲು ಸೂಚಿಸಿದೆವು. ಒಪ್ಪಲಿಲ್ಲ. “ಒರೆ ಕಟಗೊಂಡು ಅಡ್ಡಾಡಾಕ ನಾನೇನ್ ಕೋಟೆ ಕಾಯೋ ಸಿಪಾಯಿ ಏನೋ ತಮ್ಮಾ?” ಎಂದರು. ಉಂಗುರದ ಚಾಕು ತರಿಸಿಕೊಟ್ಟಾಗಲೂ, “ಅಪ್ಪನ ಚಾಕುವಿಗೆ ಯಾವ ಉಂಗುರ ಇತ್ತು?” ಎಂದು ಒಂದು ವಾರ ಮಾಡದ ಮೇಲಿಟ್ಟಿದ್ದರು. ಈಗ ಅದು ಅವರ ಕಿಸೆ ಬಿಟ್ಟು ಇಳಿಯುವುದಿಲ್ಲ. ಉಂಗುರ ತಿರುಗಿಸಿದ ಸದ್ದು ಕಿವಿಗೆ ಬಿದ್ದ ಮೇಲೆಯೇ ಕೆಲಸಕ್ಕೆ ಕೈ ಹಾಕುತ್ತಾರೆ.

ಹಣ ಉಳಿಸುವುದು ಕೊಳ್ಳುವಾಗ ಅಲ್ಲ, ಸಾಣೆ ಹಿಡಿಯುವಾಗ. ಎರಡು ಮುಖಗಳ ಸಾಣೆಕಲ್ಲೊಂದು ಮನೆಯಲ್ಲಿದ್ದರೆ ಸಾಧಾರಣ ಚಾಕುವೂ ವರ್ಷಗಟ್ಟಲೆ ಬಾಳುತ್ತದೆ. ಕಲ್ಲನ್ನು ನೀರಿನಿಂದಲೋ ಎಣ್ಣೆಯಿಂದಲೋ ನೆನೆಸಿ, ಅಲಗಿನ ಬೆನ್ನನ್ನು ಕಲ್ಲಿನಿಂದ ತುಸು ಎತ್ತಿ ಹಿಡಿಯಬೇಕು. ಅಲಗು ಎರಡು ಸೆಂಟಿಮೀಟರ್ ಅಗಲವಿದ್ದರೆ ಅರ್ಧ ಸೆಂಟಿಮೀಟರಿಗಿಂತ ಕೊಂಚ ಹೆಚ್ಚು ಎತ್ತರ ಸಾಕು. ಆ ಓರೆಯನ್ನು ಕೆಡಿಸದೆ ಎರಡೂ ಬದಿ ಸಮವಾಗಿ ಉಜ್ಜಬೇಕು. ವೃತ್ತಪತ್ರಿಕೆಯ ಹಾಳೆಯನ್ನು ಸಿಬಿರೇಳದಂತೆ ಸೀಳಿದರೆ ಹರಿತವಾಯಿತೆಂದು ತಿಳಿಯಬಹುದು. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರು ಕಿಡಿ ಹಾರುವಂತೆ ಒತ್ತಿ ಹಿಡಿದರೆ ತಡೆಯಿರಿ. ಅಲಗಿನ ಅಂಚು ಕಾದು ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಬಳಿಕ ಎಷ್ಟು ಉಜ್ಜಿದರೂ ಹರಿತ ನಿಲ್ಲದು. ಮೊಂಡಾದ ಚಾಕುವನ್ನು ಬಲವಾಗಿ ಒತ್ತಬೇಕಾಗುವುದರಿಂದ ಅದು ಜಾರಿ ಕೈ ಕೊಯ್ಯುವುದೇ ಹೆಚ್ಚು.

ಕಾನೂನಿನ ಮಾತನ್ನೂ ಅರಿತಿರಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಗೃಹಕೃತ್ಯ, ವ್ಯವಸಾಯ ಮುಂತಾದವುಗಳಿಗೆಂದೇ ಮಾಡಿದವನ್ನು ಬಿಟ್ಟಿವೆ. ದೆಹಲಿಯಲ್ಲಿ 1980ರ ಅಧಿಸೂಚನೆ ಇನ್ನೂ ಬಿಗಿಯಾದುದು. ಸ್ಪ್ರಿಂಗ್, ಗುಂಡಿ ಮೊದಲಾದ ಯಂತ್ರಸಾಧನಗಳಿಂದ ತೆರೆಯುವ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ತೊಂದರೆ ತಪ್ಪದು. ಉತ್ತರದ ಯಾತ್ರೆಗೆ ಹೊರಡುವ ನಮ್ಮ ಬಂಧುಗಳು ಇದನ್ನು ನೆನಪಿಡಬೇಕು. ವಿಮಾನದಲ್ಲಿ ಹೋಗುವವರು ಚಾಕುವನ್ನು ಕೈಚೀಲದಲ್ಲಿಡದೆ, ತೂಕ ಹಾಕಿಸಿ ಒಪ್ಪಿಸುವ ಪೆಟ್ಟಿಗೆಯಲ್ಲಿಡಬೇಕು. ಇಲ್ಲವಾದರೆ ತಪಾಸಣೆಯವರು ಅದನ್ನು ಅಲ್ಲಿಯೇ ಬಿಡಿಸಿಕೊಳ್ಳುತ್ತಾರೆ.

ಹೆಣ್ಣುಮಕ್ಕಳ ಕೈಚೀಲಕ್ಕೂ ಇದು ಸಲ್ಲುವ ವಸ್ತುವೇ. ನಮ್ಮ ಸೊಸೆ ತನ್ನ ಚೀಲದಲ್ಲಿ ಆರು ಸೆಂಟಿಮೀಟರಿನ ಅಲಗೊಂದನ್ನು ಇಟ್ಟುಕೊಂಡಿದ್ದಾಳೆ. ರೈಲಿನಲ್ಲಿ ಸೌತೆಕಾಯಿ ಕೊಯ್ಯುವುದರಿಂದ ಹಿಡಿದು ಔಷಧದ ಪಟ್ಟಿ ಬಿಡಿಸುವವರೆಗೆ ಡಬ್ಬಿಯ ಸಹಪ್ರಯಾಣಿಕರೆಲ್ಲ ಅದನ್ನೇ ಕೇಳುತ್ತಾರಂತೆ. ಆತ್ಮರಕ್ಷಣೆಗೆಂದು ಚಾಕು ಕೊಡಿಸುವ ತಂದೆತಾಯಿಗಳ ಆಲೋಚನೆಯನ್ನು ಮಾತ್ರ ನಾವು ಒಪ್ಪಲಾರೆವು. ಪಳಗದ ಕೈಯಿಂದ ಅದನ್ನು ಕಸಿದುಕೊಳ್ಳುವುದು ಬಲಿಷ್ಠನಿಗೆ ಕಷ್ಟವಲ್ಲ.

ಮಕ್ಕಳಿಗೆ ಎಷ್ಟನೆಯ ವಯಸ್ಸಿಗೆ ಕೊಡಬೇಕೆಂದು ಕೇಳುವವರಿದ್ದಾರೆ. ವಯಸ್ಸಿಗಿಂತ ಮಗುವಿನ ಸ್ವಭಾವ ನೋಡಬೇಕು. ಮೊನೆ ದುಂಡಗಿರುವ ಅಲಗಿನಿಂದ, ಹಿರಿಯರ ಎದುರಿನಲ್ಲಿ, ಕುಳಿತುಕೊಂಡು, ಮೈಯಿಂದ ಹೊರದಿಕ್ಕಿಗೆ ಕೊಯ್ಯುವುದನ್ನು ಮೊದಲು ಕಲಿಸಬೇಕು. ಕೊಡುವಾಗಲೂ ಪಡೆಯುವಾಗಲೂ ಮಡಿಚಿಯೇ ಕೊಡುವುದು, ಮಡಿಚಿಯೇ ಪಡೆಯುವುದು. ಅಣ್ಣನವರ ಮೊಮ್ಮಗಳಿಗೆ ಈಗ ಹನ್ನೊಂದು. ಅಜ್ಜನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು ಪೆನ್ಸಿಲ್ ಚೂಪು ಮಾಡುತ್ತಾಳೆ, ಬಾಳೆಯ ದಿಂಡು ಕೊಯ್ಯುತ್ತಾಳೆ, ಉಂಗುರ ತಿರುಗಿಸಲು ಮರೆಯುವುದಿಲ್ಲ. ಮೊನ್ನೆ ಅದನ್ನು ಶಾಲೆಗೆ ಒಯ್ಯುವೆನೆಂದು ಕೇಳಿದಳು. ಅಜ್ಜ ಕೊಡಲಿಲ್ಲ.