ಮೇ ತಿಂಗಳ ಕೊನೆಯ ಸೋಮವಾರ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದೆ. ಮೇ ತಿಂಗಳ ಕೊನೆಯಲ್ಲಿ ಅಂಗಡಿಗಳ ತುಂಬ ‘ಮೆಮೋರಿಯಲ್ ಡೇ’ ರಿಯಾಯಿತಿಯ ಫಲಕಗಳು. ಹಾಸಿಗೆಗೂ ಫ್ರಿಜ್‌ಗೂ ಬೆಲೆ ಇಳಿದಿತ್ತು. ಇದೇನು ಹಬ್ಬ ಎಂದು ಕೇಳಿದರೆ ಮಗಳು, “ಸೋಮವಾರ ರಜೆ ಉಮ್ಮಾ, ಅಷ್ಟೆ” ಎಂದಳು.

ಅಂದು ಬೆಳಿಗ್ಗೆ ಪಕ್ಕದ ಮನೆಯ ವೃದ್ಧೆ ಹೂವಿನ ಕುಂಡ ಹಿಡಿದು ಒಬ್ಬರೇ ಕಾರು ಹತ್ತಿದರು. ವಿಯೆಟ್ನಾಂ ಯುದ್ಧದಲ್ಲಿ ಮಡಿದ ಅಣ್ಣನ ಗೋರಿಗೆ ಹೊರಟಿದ್ದರಂತೆ. ಮಧ್ಯಾಹ್ನ ಮೂರರ ಹೊತ್ತಿಗೆ ಅವರು ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದನ್ನು ಕಂಡು ಕಿಟಕಿಯಿಂದ ಕೈಯಾಡಿಸಿದೆ. ತಿರುಗಿಯೂ ನೋಡಲಿಲ್ಲ. ನನಗೆ ಬೇಸರವಾಯಿತು, ಸುಳ್ಳು ಹೇಳಲಾರೆ.

ಊರಿಗೆ ಬಂದ ಮೇಲೆ ಈ ದಿನದ ಕುರಿತು ಓದತೊಡಗಿದೆ. ಅಮೆರಿಕದ ಅಂತರ್ಯುದ್ಧ 1861ರಿಂದ 1865ರ ವರೆಗೆ ನಡೆಯಿತು. ಸತ್ತವರು ಆರು ಲಕ್ಷಕ್ಕೂ ಮಿಕ್ಕಿ. ಚಾರ್ಲ್ಸ್‌ಟನ್ ನಗರದ ಕುದುರೆ ಪಂದ್ಯದ ಮೈದಾನದಲ್ಲಿ ಸೆರೆಯಲ್ಲಿದ್ದು ಸತ್ತ 257 ಉತ್ತರದ ಸೈನಿಕರನ್ನು ಒಟ್ಟಿಗೇ ಮಣ್ಣು ಮಾಡಲಾಗಿತ್ತು. ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರು ಆ ದೇಹಗಳನ್ನು ಹೊರತೆಗೆದು ಒಬ್ಬೊಬ್ಬರಿಗೂ ಪ್ರತ್ಯೇಕ ಗೋರಿ ತೋಡಿದರು, ಸುತ್ತ ಬೇಲಿ ಕಟ್ಟಿದರು. 1865ರ ಮೇ 1ರಂದು ಸುಮಾರು ಹತ್ತು ಸಾವಿರ ಮಂದಿ ಅಲ್ಲಿ ಸೇರಿದರು. ಮುಂದೆ ಸಾಗಿದವರು ಗುಲಾಬಿ ಹಿಡಿದ ಮೂರು ಸಾವಿರ ಶಾಲಾ ಮಕ್ಕಳು. ಆದರೆ ಬಹುಕಾಲ ಇತಿಹಾಸದ ಪುಸ್ತಕಗಳಲ್ಲಿ ಇವರ ಸುದ್ದಿಯೇ ಇರಲಿಲ್ಲ. ಡೇವಿಡ್ ಬ್ಲೈಟ್ ಎಂಬ ಇತಿಹಾಸಕಾರ 1990ರ ದಶಕದಲ್ಲಿ ಹಳೆಯ ಕಾಗದಗಳ ನಡುವೆ ಇದನ್ನು ಕಂಡುಹಿಡಿದರು.

ಮರುವರ್ಷ ಮಿಸಿಸಿಪ್ಪಿಯ ಕೊಲಂಬಸ್‌ನಲ್ಲಿ ಹೆಂಗಸರು ತಮ್ಮ ಕಡೆಯ ಸೈನಿಕರ ಗೋರಿಗಳಿಗೆ ಹೂ ಇಡಲು ಹೋದವರು ಪಕ್ಕದಲ್ಲಿದ್ದ ಶತ್ರು ಸೈನಿಕರ ಗೋರಿಗಳಿಗೂ ಇಟ್ಟರು. ಗಂಡನನ್ನೋ ಮಗನನ್ನೋ ಕೊಂದ ಸೈನ್ಯದವರಿಗೆ ಹೂವು! ಸಹೋದರಿಯರೇ, ನಮ್ಮ ಕೈ ಅಷ್ಟು ಸುಲಭವಾಗಿ ಮುಂದೆ ಬರುತ್ತಿತ್ತೇ? ನನ್ನದು ಬರುತ್ತಿರಲಿಲ್ಲವೇನೋ.

1868ರಲ್ಲಿ ಜನರಲ್ ಜಾನ್ ಲೋಗನ್ ಮೇ 30ನ್ನು ಗೋರಿಗಳನ್ನು ಅಲಂಕರಿಸುವ ದಿನವೆಂದು ಸಾರಿದರು. ಆ ವರ್ಷ ಆರ್ಲಿಂಗ್ಟನ್‌ನಲ್ಲಿ ಐದು ಸಾವಿರ ಜನ ಸೇರಿ ಇಪ್ಪತ್ತು ಸಾವಿರ ಗೋರಿಗಳಿಗೆ ಹೂವಿಟ್ಟರು. 1971ರಿಂದ ಅದು ಮೇ ಕೊನೆಯ ಸೋಮವಾರಕ್ಕೆ ಬಂತು. ಮೂರು ದಿನ ಸತತ ರಜೆ ಸಿಕ್ಕಿತು, ಅಂಗಡಿಯವರಿಗೂ ಅನುಕೂಲವಾಯಿತು.

ಅಂದು ಮಧ್ಯಾಹ್ನ ಮೂರಕ್ಕೆ ಎಲ್ಲರೂ ಒಂದು ನಿಮಿಷ ಮೌನವಾಗಿರಲಿ ಎಂದು 2000ನೇ ಇಸವಿಯಲ್ಲಿ ಕಾನೂನೂ ಆಗಿದೆ. ಅದನ್ನು ಓದಿದ ರಾತ್ರಿಯೇ ಮಗಳಿಗೆ ಫೋನ್ ಮಾಡಿ, ಪಕ್ಕದ ಮನೆಗೆ ಒಂದು ಹೂವಿನ ಕುಂಡ ಕೊಟ್ಟು ಬಾ ಎಂದೆ.